ವ್ಯಾನಿನ ವಿಮೆಯೂ ದುಗ್ಗಜ್ಜಿಯ ಕೆಸುವಿನ ಕಟ್ಟೂ

ಘರ್ರ್ರ್... ಠಪ್! ನಮ್ಮ ವ್ಯಾನಿನ ಪಕ್ಕದ ಬಾಗಿಲು ಜಾರಿ ತೆರೆದು, ಮತ್ತೆ ಜಾರಿ ಮುಚ್ಚಿಕೊಳ್ಳುತ್ತಿದ್ದ ಸದ್ದು ಇದು. ಮೂಡಿಗೆರೆ ಬಿಟ್ಟು ಜಾವಳಿ ದಾಟಿ ಕಳಸ ಮುಟ್ಟುವಷ್ಟರಲ್ಲಿ ಏನಿಲ್ಲವೆಂದರೂ ಏಳೆಂಟು ಸಲ ಕೇಳುತ್ತಿತ್ತು. ಘರ್ರ್ರ್ ಅಂದರೆ ದಾರಿಯಲ್ಲಿ ನಿಂತಿದ್ದವರು ಯಾರೋ ಹತ್ತಿದರು. ಠಪ್ ಅಂದರೆ ಹತ್ತಿದವರು ಬಕೆಟ್ಟುಗಳ ನಡುವೆ ಜಾಗ ಮಾಡಿಕೊಂಡು ಕೂತರು. ಈಗ ಆ ಸದ್ದಿಲ್ಲ. ಅದನ್ನು ನಿಲ್ಲಿಸಿದ್ದು ನನ್ನ ಒಳ್ಳೆಯ ಇಂಗ್ಲಿಷ್. ಹೀಗೆ ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಿಟ್ಟು ಮಾಡಿಕೊಳ್ಳಬಾರದು, ಬಿ.ಪಿ. ಏರುತ್ತದೆ ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ಪಾಪ, ಅವರು ಇನ್ಶೂರೆನ್ಸ್ ಕಂಪನಿಯ ಪತ್ರ ಓದಿಲ್ಲ.

ನಾನು ಒಂದು ಎಸ್ಟೇಟ್ ಆಫೀಸಿನಲ್ಲಿ ಮೂವತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದವಳು. ಬೇರೆ ಹೆಂಗಸರಿಗೆ ಎಲೆಯಡಿಕೆ ಹೇಗೋ ನನಗೆ ಪತ್ರ ಬರೆಯುವುದು ಹಾಗೆ. ದಿನಕ್ಕೊಂದು ಆಗದಿದ್ದರೆ ಬಾಯಿ ಸಪ್ಪೆ. ರಿಟೈರ್ ಆದಮೇಲೆ ಮೂಡಿಗೆರೆಯಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ಬಾಡಿಗೆಗೆ ಕೂತಿದ್ದಾಗ ಮೆಟ್ಟಿಲು ಹತ್ತಿ ಬಂದವಳು ಜಲಜ. ಅದೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ, ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್ ಮಾಡುತ್ತಿದ್ದವಳು. "ಅಮ್ಮ, ನಾನು ಗಾಜು ಒರೆಸೋ ಬಿಸಿನೆಸ್ ಶುರು ಮಾಡ್ತೀನಿ. ಗಾಜು ನಂದು, ಕರೆಸ್ಪಾಂಡೆನ್ಸ್ ನಿಮ್ದು" ಎಂದಳು. ನಾಲ್ಕು ಹೆಂಗಸರು, ಎರಡು ಮೊಂಡು ಮೂತಿಯ ಬಿಳಿ ವ್ಯಾನು. ಒಂದನ್ನು ಜಲಜ ಓಡಿಸುತ್ತಿದ್ದಳು, ಇನ್ನೊಂದನ್ನು ಅವಳ ನಾದಿನಿ. ವ್ಯಾನಿನ ಮೇಲೆ ಏನಾದರೂ ಎಲಿಗೆಂಟ್ ಆದ ಇಂಗ್ಲಿಷ್ ಹೆಸರು ಬರೆಸೋಣ ಎಂದು ನಾನು ಆಸೆಪಟ್ಟೆ. ಅವಳು ಕೇಳಲಿಲ್ಲ. 'ಕಿಟಕಿ ಗಾಜು ಒರೆಸಿ ಕೊಡುತ್ತೇವೆ' ಎಂದು ದಪ್ಪಕ್ಷರದಲ್ಲಿ ಬರೆಸಿದಳು.

ನಮ್ಮ ಸೀಮೆಯಲ್ಲಿ ಇದೊಂದು ಕಸುಬಾದೀತೆಂದು ನಾನು ಎಣಿಸಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಕಿಟಕಿಯೆಂದರೆ ಮರದ ಸರಳು, ಅದಕ್ಕೊಂದು ಮರದ ಬಾಗಿಲು. ಮಂಜು ಬಂದರೆ ಬಾಗಿಲು ಹಾಕು, ಹೋದರೆ ತೆಗೆ. ಈಗ ಹೋಮ್‌ಸ್ಟೇ, ರೆಸಾರ್ಟುಗಳೆಲ್ಲ ಗೋಡೆಗೆ ಗೋಡೆಯೇ ಗಾಜು. ದೂರದಿಂದ ಬಂದವರು ಮಂಜು ನೋಡಲು ಬಾಡಿಗೆ ಕೊಡುತ್ತಾರೆ. ಆ ಮಂಜು ಬಂದು ಗಾಜಿನ ಮೇಲೆ ಕೂತರೆ ಮ್ಯಾನೇಜರನ್ನು ಕರೆದು ಕೂಗಾಡುತ್ತಾರೆ. ಮಳೆಗಾಲ ಮುಗಿಯುವುದರೊಳಗೆ ಹಸಿರು ಪಾಚಿ, ದೀಪಕ್ಕೆ ಬಂದು ಸತ್ತ ಹುಳ, ಹಕ್ಕಿ ಗುದ್ದಿದ ಗುರುತು. ಇವುಗಳನ್ನೆಲ್ಲ ಒರೆಸಿ, ಮಲೆನಾಡನ್ನು ಮಲೆನಾಡು ಅಂಟದಂತೆ ತೋರಿಸುವುದೇ ಜಲಜಳ ಉದ್ಯೋಗ.

ಒರೆಸುವ ವಿದ್ಯೆಯನ್ನು ಅವಳಿಗೆ ಹೇಳಿಕೊಟ್ಟವಳು ನಾನೇ ಎಂಬ ಜಂಬ ನನಗುಂಟು. ಕಾನ್ವೆಂಟಿನಲ್ಲಿ ಶನಿವಾರ ಶನಿವಾರ ನಾವು ಬೋರ್ಡರ್ ಹುಡುಗಿಯರು ಒದ್ದೆ ನ್ಯೂಸ್‌ಪೇಪರಿನಲ್ಲಿ ಚಾಪೆಲಿನ ಕಿಟಕಿ ಉಜ್ಜಬೇಕಿತ್ತು. ಸಿಸ್ಟರ್ ಕ್ಲೆಮೆಂಟೀನ್ ಹಿಂದೆ ನಿಂತಿರುತ್ತಿದ್ದರು. "ಗಾಜು ಅಲ್ಲಿದೆಯೋ ಇಲ್ಲವೋ ಅಂತ ಹಕ್ಕಿಗೂ ಡೌಟ್ ಬರಬೇಕು, ಗರ್ಲ್ಸ್. ನಿಮ್ಮ ಮಾತೂ ಹಾಗೇ ಇರಬೇಕು. ಒಳಗಿರೋದು ಹೊರಗೆ ಕಾಣಬೇಕು." ಈ ಉಪದೇಶದ ಮೊದಲರ್ಧ ಜಲಜಳಿಗೆ ಅನ್ನ ಕೊಟ್ಟಿತು. ಎರಡನೆಯ ಅರ್ಧ ಅವಳ ವ್ಯಾನನ್ನು ತಿಂದಿತು.

ವ್ಯಾನುಗಳಿಗೆ ವಿಮೆ ಮಾಡಿಸುವಾಗ ನಾನು ಪಾಲಿಸಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಇಡೀ ತಾಲ್ಲೂಕಿನಲ್ಲಿ ಹಾಗೆ ಓದಿದವಳು ನಾನೊಬ್ಬಳೇ ಇರಬೇಕು. ಓದುವುದೇನು, ಪೆನ್ಸಿಲ್ ಹಿಡಿದು ತಿದ್ದಿದೆ. ಒಂದು ಕಡೆ ಸೆಮಿಕೋಲನ್ ತಪ್ಪಿತ್ತು. ಇನ್ನೊಂದು ಕಡೆ ಒಂದೇ ವಾಕ್ಯ ಹದಿನಾಲ್ಕು ಗೆರೆ ಓಡಿ ಕೊನೆಗೂ ಕ್ರಿಯಾಪದ ಸಿಗದೆ ಸತ್ತುಹೋಗಿತ್ತು. ತಿದ್ದಿದ ಪ್ರತಿಯನ್ನು ಏಜೆಂಟ್ ಮಹಾಬಲನ ಕೈಗೆ ಕೊಟ್ಟು, "ವಿತ್ ಮೈ ಕಾಂಪ್ಲಿಮೆಂಟ್ಸ್" ಎಂದೆ. ಅವನು ಬ್ಯಾಗಿಗೆ ತುರುಕಿಕೊಂಡು ನಗಾಡಿದ. ಆ ಹದಿನಾಲ್ಕು ಗೆರೆಯ ವಾಕ್ಯದಲ್ಲೇ ಇತ್ತು ನೋಡಿ ಎಲ್ಲವೂ: ವಾಹನದಲ್ಲಿ ಕಸುಬಿನ ಸಾಮಾನು, ಕಸುಬಿನ ಕೆಲಸದವರು ಇಷ್ಟೇ ಇರತಕ್ಕದ್ದು, ಬೇರೆ ಯಾರನ್ನು ಹತ್ತಿಸಿದರೂ ಕಂಪನಿ ಹೊಣೆಯಲ್ಲ. ನಾನು ಅದರ ವ್ಯಾಕರಣ ತಿದ್ದಿದೆ. ಅರ್ಥ ನನ್ನ ಕನ್ನಡಕದ ಕೆಳಗಿನಿಂದ ನುಸುಳಿಹೋಯಿತು.

ಯಾಕೆ ನುಸುಳಿತು ಎಂದರೆ, 'ಬೇರೆ ಯಾರನ್ನೋ ಹತ್ತಿಸುವುದು' ಒಂದು ವಿಶೇಷ ಎಂದು ನಮಗೆ ಅನಿಸುವುದೇ ಇಲ್ಲ. ನಮ್ಮ ಕಡೆ ರಸ್ತೆಯ ಶಾಸ್ತ್ರ ಬೇರೆ. ವಾಹನಕ್ಕೆ ಕೈ ಅಡ್ಡ ಹಾಕುವುದು ಊರಿಗೆ ಹೊಸಬರ ಕೆಲಸ. ನಮ್ಮವರು ಸುಮ್ಮನೆ ರಸ್ತೆಗೆ ಮುಖ ಮಾಡಿ ನಿಲ್ಲುತ್ತಾರೆ. ಮುಖ ಕಂಡರೆ ಜೀಪಾಗಲಿ, ಪಿಕಪ್ಪಾಗಲಿ, ಸಾಹುಕಾರರ ಕಾರಾಗಲಿ ನಿಲ್ಲಬೇಕು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ನಿಂತಿದ್ದೇವೆ ಎಂದರೆ ಗಾಡಿ ಹತ್ತಿರ ಬಂದಾಗ ರಸ್ತೆ ಬದಿಯ ಮಣ್ಣಿನ ಧರೆಯ ಕಡೆ ತಿರುಗಿ ಬೆನ್ನು ತೋರಿಸುತ್ತಾರೆ. ಅಷ್ಟೇ. ಮಾತಿಲ್ಲ, ಥ್ಯಾಂಕ್ಸ್ ಇಲ್ಲ. ಮುಖ ತೋರಿಸಿದವರನ್ನು ಬಿಟ್ಟುಹೋದ ಡ್ರೈವರಿನ ಕಥೆ ಸಂಜೆಯೊಳಗೆ ಆಲ್ದೂರು ತಲುಪಿರುತ್ತದೆ. ಬಸ್ಸು ದಿನಕ್ಕೆ ಎರಡೇ ಸಲ ಬರುವ ದಾರಿಯಲ್ಲಿ ಮನುಷ್ಯರು ಮಾಡಿಕೊಂಡ ಏರ್ಪಾಡು ಇದು. ಇದಕ್ಕೆ ಪಾಲಿಸಿ ನಂಬರ್ ಇಲ್ಲ.

ದುಗ್ಗಜ್ಜಿ ಹಾಗೆ ಮುಖ ಮಾಡಿ ನಿಲ್ಲುವವರಲ್ಲಿ ಒಬ್ಬಳು. ಜಾವಳಿಯ ಆಚೆ ಹಾಲಿನ ಡೈರಿಯ ತಿರುವಿನಲ್ಲಿ ನಿಲ್ಲುತ್ತಿದ್ದಳು. ಎಂಬತ್ತರ ಮೇಲೆ ವಯಸ್ಸು, ತಲೆಯ ಮೇಲೆ ಮಳೆಗೆಂದು ಗೊಬ್ಬರದ ಚೀಲದ ಕೊಪ್ಪೆ, ಕಂಕುಳಲ್ಲಿ ಪತ್ರೊಡೆಗೆ ಆಗುವ ಕೆಸುವಿನ ಎಲೆಯ ಕಟ್ಟು. ಮೂಡಿಗೆರೆ ಸಂತೆಯಲ್ಲಿ ಅದನ್ನು ಮಾರಿ, ಕಡ್ಲೆಪುರಿ ತಿಂದು, ಸಂಜೆ ಇನ್ಯಾವುದೋ ಗಾಡಿಗೆ ಮುಖ ತೋರಿಸಿ ವಾಪಸಾಗುವಳು. ಹಿಂದಿನ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಕಳಸದ ಕಡೆ ಕೆಲಸ ಮುಗಿಸಿ ಬರುತ್ತಿದ್ದ ಜಲಜ ಅವಳನ್ನು ಹತ್ತಿಸಿಕೊಂಡಳು. ಘರ್ರ್ರ್, ಠಪ್. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ, ಮಳೆ ನೋಡಲು ಬಂದ ಯಾರದೋ ದೊಡ್ಡ ಕಾರು ರಾಂಗ್ ಸೈಡಿನಲ್ಲಿ ಎದುರಿಗೆ ನುಗ್ಗಿತು. ಜಲಜ ಎಡಕ್ಕೆ ಎಳೆದಳು. ವ್ಯಾನು ಜಾರಿ ಚರಂಡಿಗೆ ಬಿದ್ದು ಧರೆಗೆ ಒರಗಿ ಮಲಗಿತು. ಕಾರು ನಿಲ್ಲಲಿಲ್ಲ. ಅದರ ನಂಬರನ್ನು ಯಾರೂ ನೋಡಲಿಲ್ಲ. ಎಲ್ಲರೂ ಆಗ ಬಕೆಟ್ಟಿನೊಳಗಿದ್ದರು. ದೇವರ ದಯೆ, ತರಚು ಗಾಯಕ್ಕಿಂತ ಹೆಚ್ಚು ಯಾರಿಗೂ ಆಗಲಿಲ್ಲ. ಸೋಪಿನ ನೊರೆಯಲ್ಲಿ ಮಿಂದೆದ್ದ ದುಗ್ಗಜ್ಜಿಯ ಮೊದಲ ಮಾತು, "ನನ್ನ ಕೆಸ ಎಲ್ಲಿ?" ಎಂಬುದಂತೆ. ವ್ಯಾನಿನ ಅಡಿಯ ಚೌಕಟ್ಟು ಮಾತ್ರ ತಿರುಚಿಹೋಗಿತ್ತು.

ಕ್ಲೇಮ್ ಫಾರಂ ಬಂತು. 'ಡಿಸ್ಕ್ರೈಬ್ ದಿ ಸರ್ಕಮ್‌ಸ್ಟಾನ್ಸಸ್ ಆಫ್ ದಿ ಆಕ್ಸಿಡೆಂಟ್' ಎಂದು ಕೇಳಿ ಮೂರು ಗೆರೆ ಬಿಟ್ಟಿದ್ದರು. ಮೂರು ಗೆರೆ! ಮೂವತ್ತೆಂಟು ವರ್ಷ ಕಾಫಿ ಬೆಳೆಗಾರರ ಪರವಾಗಿ 'ವಿತ್ ರೆಫರೆನ್ಸ್ ಟು ಯುವರ್ ಎಸ್ಟೀಮ್ಡ್ ಲೆಟರ್' ಎಂದು ಬರೆದ ಕೈ ಅದು. ನನ್ನ ಹಳೆಯ ಟೈಪ್‌ರೈಟರಿನ ಹೊದಿಕೆ ತೆಗೆದು ಎರಡು ಹಾಳೆ ಹೊಡೆದು ಪಿನ್ ಮಾಡಿದೆ. ಮಳೆ ಹೇಗಿತ್ತು, ರಸ್ತೆಯ ಓರೆ ಎಷ್ಟಿತ್ತು, ಜಲಜ ಎಷ್ಟು ಜಾಣತನದಿಂದ ಎಡಕ್ಕೆ ಎಳೆದಳು. ಒಂದನ್ನೂ ಮುಚ್ಚಿಡಲಿಲ್ಲ. ಎರಡನೆಯ ಪ್ಯಾರಾದಲ್ಲಿ, ಸ್ವಲ್ಪ ಹೆಮ್ಮೆಯಿಂದಲೇ, ದುಗ್ಗಮ್ಮನೆಂಬ ಎಲ್ಡರ್ಲಿ ಲೇಡಿಗೆ ನಮ್ಮ ವಾಹನದಲ್ಲಿ ಸ್ಥಳ ಕೊಡಲಾಗಿತ್ತು, 'ಆಸ್ ಈಸ್ ಕಸ್ಟಮರಿ ಇನ್ ದೀಸ್ ಪಾರ್ಟ್ಸ್', ಅಂದರೆ ಈ ಸೀಮೆಯ ವಾಡಿಕೆಯಂತೆ, ಎಂದು ಸೇರಿಸಿದೆ. ಕಂಪನಿಯವರು ಓದಿ, ಆಹಾ ಎಂಥ ಜನ ಎಂದುಕೊಳ್ಳಲಿ ಎಂಬ ಆಸೆ.

ಕಂಪನಿಯಿಂದ ಸರ್ವೇಯರ್ ಬಂದ. ಬಹಳ ಸಭ್ಯಸ್ಥ. ಮಲಗಿದ ವ್ಯಾನಿನ ಫೋಟೋ ಹೊಡೆದುಕೊಂಡು ನಮ್ಮ ಮಹಡಿಗೂ ಬಂದು, ನನ್ನ ಎರಡು ಹಾಳೆಯನ್ನು ನಿಧಾನವಾಗಿ ಓದಿದ. ಎರಡನೆಯ ಪ್ಯಾರಾದಲ್ಲಿ ಅವನ ಪೆನ್ನು ಒಂದು ಕ್ಷಣ ನಿಂತಿತು. ಶೈಲಿಗೆ ತಲೆದೂಗುತ್ತಿದ್ದಾನೆ ಎಂದುಕೊಂಡೆ. "ಇಷ್ಟು ಚೆನ್ನಾಗಿ ಬರೆದ ಕ್ಲೇಮ್ ನಾನು ನೋಡೇ ಇಲ್ಲ ಮೇಡಂ" ಎಂದ. ನಾನು ಹಿಗ್ಗಿ ಎರಡನೆಯ ಸಲ ಕಾಫಿ ಬಗ್ಗಿಸಿದೆ, ತಟ್ಟೆ ತುಂಬ ಕೋಡುಬಳೆ ಇಟ್ಟೆ. ಆ ಕೋಡುಬಳೆಗಳನ್ನು ಈಗ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಪಸ್ ಕೇಳಬೇಕೆನಿಸುತ್ತದೆ.

ತಿಂಗಳ ಮೇಲೆ ಪತ್ರ ಬಂತು. ಕ್ಲೇಮ್ ತಿರಸ್ಕರಿಸಲಾಗಿದೆ. ಕಾರಣ ಕೊಡಲು ಅವರು ಏನೂ ಕಷ್ಟಪಟ್ಟಿರಲಿಲ್ಲ. ನನ್ನ ವಾಕ್ಯವನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರು. 'ಆಸ್ ಈಸ್ ಕಸ್ಟಮರಿ.' ಅಂದರೆ ಇದು ಒಂದು ಸಲದ ತಪ್ಪಲ್ಲ, ನೀವು ಕಾಯಂ ತಪ್ಪಿತಸ್ಥರು ಎಂದು. ನನ್ನ ಜೀವಮಾನದಲ್ಲಿ ಯಾರಾದರೂ ನನ್ನನ್ನು ಕೋಟ್ ಮಾಡಿದ್ದು ಅದೊಂದೇ ಸಲ.

ಆ ಪಾಲಿಸಿ ಪುಸ್ತಕದ ಮೊದಲ ಪುಟದಲ್ಲಿ 'ಅಟ್‌ಮೋಸ್ಟ್ ಗುಡ್ ಫೇತ್' ಎಂಬ ಮಾತಿದೆ. ವಿಮೆಯೆಂದರೆ ಪರಮ ವಿಶ್ವಾಸದ ಒಪ್ಪಂದವಂತೆ. ಗ್ರಾಹಕನು ಏನನ್ನೂ ಮರೆಮಾಚಕೂಡದಂತೆ. ಮರೆಮಾಚಲಿಲ್ಲವಲ್ಲ ನಾನು? ಮಾಚಿದ್ದರೆ ವ್ಯಾನು ಇರುತ್ತಿತ್ತು! ಅಜ್ಜಿ ಕೂತದ್ದರಿಂದ ವ್ಯಾನು ಬಿತ್ತೇ? ಅವಳ ತೂಕ ಒಂದು ಏಣಿಯಷ್ಟಿಲ್ಲ. ನಮ್ಮ ಊರುಗಳಲ್ಲೂ ಒಂದು ನಮೂನೆಯ ವಿಮೆ ಇದೆ. ದನ ಕಾಣೆಯಾದರೆ ಚೌಡಿಗೆ ಕಾಯಿ ಕಟ್ಟುತ್ತೇವೆ, ಮಗು ಹುಷಾರಿಲ್ಲದಿದ್ದರೆ ಹರಕೆ ಹೊರುತ್ತೇವೆ. ದನ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದರೆ ಯಾವ ಚೌಡಿಯೂ ಮನೆಗೆ ಬಂದು, ಕೋಡುಬಳೆ ತಿಂದು, "ನಿಮ್ಮ ದನದ ಬೆನ್ನ ಮೇಲೆ ಕಾಗೆ ಕೂತಿತ್ತಂತೆ, ಆದ್ದರಿಂದ ಹರಕೆ ಸಲ್ಲದು" ಎಂದದ್ದನ್ನು ನಾನು ಕೇಳಿಲ್ಲ.

ಮಹಾಬಲ ಬಂದು ತಲೆ ಚಚ್ಚಿಕೊಂಡ. "ಎಂತ ಮಾರಾಯ್ರೆ ನೀವು! ಅಜ್ಜಿ ಕಥೆ ಯಾರು ಕೇಳಿದ್ರು ನಿಮ್ಮನ್ನ?"

"ಫಾರಮ್ಮೇ ಕೇಳಿತ್ತಲ್ಲ" ಎಂದೆ.

"ಮೂರು ಗೆರೆ ಬಿಟ್ಟಿದ್ರು ಮೇಡಂ. ಎಲ್ಲರೂ ಒಂದೂವರೆ ಗೆರೆ ಬರೀತಾರೆ. ಈಗ್ಲೂ ದಾರಿ ಉಂಟು. ಅಜ್ಜಿ ಹೆಸರಿಗೆ ಒಂದು ಅಪಾಯಿಂಟ್‌ಮೆಂಟ್ ಲೆಟರ್ ಟೈಪ್ ಮಾಡಿ, ಹಿಂದಿನ ತಾರೀಕು ಹಾಕಿ. ಕೆಲಸದವಳು ಅಂತಾದ್ರೆ ವ್ಯಾನಲ್ಲಿ ಕೂರಬಹುದು. ನಾನು ಮುಂದೆ ಕಳಿಸ್ತೀನಿ."

"ಹಿಂದಿನ ತಾರೀಕು ಅಂದ್ರೆ ಸುಳ್ಳು ತಾರೀಕು. ನಾನು ಹೊಡೆಯೋದಿಲ್ಲ."

ಜಲಜ ನನ್ನ ಕಿಟಕಿಯ ಹತ್ತಿರ ನಿಂತಿದ್ದಳು. ಎಲ್ಲಿ ನಿಂತರೂ ಸೆರಗಿನ ತುದಿಯಿಂದ ಗಾಜು ಒರೆಸುವುದು ಅವಳ ಚಾಳಿ. ಬೆನ್ನು ತಿರುಗಿಸದೇ ಹೇಳಿದಳು: "ಬಿಡಿ ಮಹಾಬಲಣ್ಣ. ಅಮ್ಮ ಸುಳ್ಳು ಹೊಡೆದ್ರೆ ಆ ಮಿಷನ್ನೇ ಕೆಟ್ಟು ಹೋಗ್ತದೆ."

ಮೂವರೂ ನಕ್ಕೆವು. ಅವಳು ಹೋದಮೇಲೆ ಆ ಮಾತು ಕೋಣೆಯಲ್ಲೇ ಉಳಿಯಿತು. ಸಿಸ್ಟರ್ ಕ್ಲೆಮೆಂಟೀನ್ ಇದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು, ಸರಿ. ಆದರೆ ಸತ್ಯ ನನ್ನದು, ವ್ಯಾನು ಜಲಜಳದು. ಇನ್ನೊಬ್ಬರ ವ್ಯಾನನ್ನು ಪಣಕ್ಕಿಟ್ಟು ಸತ್ಯವಂತೆಯಾಗುವುದು ಎಷ್ಟು ಸುಲಭ ಎಂದು ಯಾವ ಕಾನ್ವೆಂಟಿನಲ್ಲೂ ಹೇಳಿಕೊಡುವುದಿಲ್ಲ. ಆ ರಾತ್ರಿಯಿಂದ ನನ್ನ ಸಿಟ್ಟಿನ ಒಂದು ಪಾಲನ್ನು ನನಗೇ ಎತ್ತಿಟ್ಟುಕೊಂಡಿದ್ದೇನೆ.

ಸುದ್ದಿ ಹೇಗೋ ಜಾವಳಿ ಮುಟ್ಟಿತು. ಒಂದು ಸಂತೆಯ ದಿನ ದುಗ್ಗಜ್ಜಿ ಗೊಬ್ಬರದಂಗಡಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದು, ಕೆಸುವಿನ ಕಟ್ಟನ್ನು ನನ್ನ ಟೈಪ್‌ರೈಟರಿನ ಪಕ್ಕ ಇಟ್ಟು, ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಏಳಲಿಲ್ಲ.

"ನನ್ನಿಂದ ಜಲಜನ ವ್ಯಾನು ಹೋಯ್ತಂತೆ. ಹೌದಾ ಅಮ್ಮ?"

"ನಿನ್ನಿಂದ ಅಲ್ಲ ದುಗ್ಗಜ್ಜಿ. ಆ ಕಾರಿನವನಿಂದ."

"ಕಾಗದದಲ್ಲಿ ಕಾರಿನವನ ಹೆಸರು ಉಂಟಾ?"

"ಇಲ್ಲ."

"ನನ್ನ ಹೆಸರು?"

"ಉಂಟು."

"ಹಂಗಾರೆ ನನ್ನಿಂದಲೇ ಅಲ್ವ" ಎಂದಳು. ಅಕ್ಷರ ಬಾರದ ಆ ಮುದುಕಿ ಕಾಗದದ ಮರ್ಮವನ್ನು ಒಂದೇ ಏಟಿಗೆ ಓದಿಬಿಟ್ಟಿದ್ದಳು. ಆಮೇಲೆ, "ಇಂಗ್ಲೀಷಲ್ಲಿ ನನ್ನ ಹೆಸರು ಹೆಂಗೆ ಕೇಳ್ತದೆ, ಓದಿ ನೋಡುವ" ಎಂದಳು. ಓದಿದೆ. ಎಲ್ಡರ್ಲಿ ಅಂದರೇನು ಎಂದಳು, ಹಿರಿಯರು ಎಂದೆ. ಲೇಡಿ ಅಂದರೇನು ಎಂದಳು, ಅಮ್ಮಾವ್ರು ಎಂದೆ. "ಹಿರೀ ಅಮ್ಮಾವ್ರು ದುಗ್ಗಮ್ಮ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. "ತೋಟದಲ್ಲಿ ಅರವತ್ತು ವರ್ಷ ಹಣ್ಣು ಕುಯ್ದೆ, ಒಬ್ಬ ಮೇಸ್ತ್ರಿನೂ ಹಂಗೆ ಕರೀಲಿಲ್ಲ. ಕೆಸ ಇಟ್ಕಳಿ, ಕೆರೆಯೋದಿಲ್ಲ." ಆ ಸಂಜೆ ನಾನು ಪತ್ರೊಡೆ ಮಾಡಿದೆ. ಅವಳು ಹೇಳಿದ್ದು ನಿಜ, ಕೆರೆಯಲಿಲ್ಲ.

ಕಂಪನಿಯ ಮೇಲಧಿಕಾರಿಗಳಿಗೆ ನಾನು ಮೂರು ಪತ್ರ ಬರೆದೆ. ಮೂರಕ್ಕೂ 'ನಿಮ್ಮ ಪತ್ರವನ್ನು ಗಮನಿಸಲಾಗಿದೆ' ಎಂಬ ಒಂದೇ ಉತ್ತರ ಬಂತು. ನಾಲ್ಕನೆಯದು ಈಗಲೂ ಟೈಪ್‌ರೈಟರಿನಲ್ಲಿದೆ, ಬಿಡುವವಳಲ್ಲ ನಾನು. ಅಷ್ಟರಲ್ಲಿ ಮಳೆಗಾಲ ಮುಗಿದು ಗಾಜು ಒರೆಸುವ ಸುಗ್ಗಿ ಬಂತು. ಒಂದೇ ವ್ಯಾನಿನಲ್ಲಿ ಆಲ್ದೂರಿಗೂ ಕಳಸಕ್ಕೂ ಓಡಾಡಲಾಗದೆ ದೊಡ್ಡ ರೆಸಾರ್ಟೊಂದು ಕೈತಪ್ಪಿತು. ಇಬ್ಬರು ಹೆಂಗಸರು ಕಾಫಿ ಹಣ್ಣು ಕುಯ್ಯಲು ವಾಪಸ್ ತೋಟಕ್ಕೆ ಹೋದರು. ಬಿದ್ದ ವ್ಯಾನು ಗ್ಯಾರೇಜಿನ ಹಿಂದೆ ಕೂತಿದೆ. ಕಿಟಕಿಯೊಳಗಿನಿಂದ ಒಂದು ಕಾಡುಬಳ್ಳಿ ಹೊರಗೆ ಇಣುಕುತ್ತದೆ. ಉಳಿದ ವ್ಯಾನಿನ ಪಾಲಿಸಿ ರಿನ್ಯೂ ಮಾಡುವಾಗ ಮಹಾಬಲ ತಾನೇ ಒಂದು ಸ್ಟಿಕ್ಕರ್ ತಂದು ಮುಂದಿನ ಗಾಜಿಗೆ ಅಂಟಿಸಿದ: 'ಅನ್ಯರಿಗೆ ಪ್ರವೇಶವಿಲ್ಲ.' ಜಲಜಳ ಗಾಜಿನ ಮೇಲೆ ಕೂತು ಅವಳು ಒರೆಸದೇ ಬಿಟ್ಟ ಕೊಳೆ ಅದೊಂದೇ.

ಪುಷ್ಯದಲ್ಲಿ ಒಂದು ಸೋಮವಾರ ನಾನು ಕೊನೆಗೂ ದುಗ್ಗಜ್ಜಿಯ ಅಪಾಯಿಂಟ್‌ಮೆಂಟ್ ಲೆಟರ್ ಟೈಪ್ ಮಾಡಿದೆ. ಆ ದಿನದ ತಾರೀಕೇ ಹಾಕಿದೆ. ಹುದ್ದೆ: ಇನ್‌ಸ್ಪೆಕ್ಟರ್, ವಿಂಡೋಸ್. ಸುಳ್ಳಲ್ಲ, ಒರೆಸಿದ ಗಾಜಿನ ಮುಂದೆ ನಿಂತು, ಕಾಣುತ್ತದೋ ಇಲ್ಲವೋ ಎಂದು ಅವಳು ಹೇಳಬೇಕು, ಸಂತೆಯ ದಿನ ಮಾತ್ರ. ಕೆಲಸದವಳಾದ್ದರಿಂದ ವಾಹನದಲ್ಲಿ ಕೂರಲು ಹಕ್ಕುಳ್ಳವಳು ಎಂದು ಕೊನೆಯಲ್ಲಿ ಸೇರಿಸಿ ಅಂಡರ್‌ಲೈನ್ ಮಾಡಿದೆ. 'ಹಿರೀ ಅಮ್ಮಾವ್ರು ದುಗ್ಗಮ್ಮನವರಿಗೆ' ಎಂದು ಕವರಿನ ಮೇಲೆ ಕನ್ನಡದಲ್ಲೇ ಬರೆದೆ. ಗುರುವಾರ ಜಲಜ ಆ ಕವರನ್ನು ಹಾಗೇ ವಾಪಸ್ ತಂದು ಮೇಜಿನ ಮೇಲಿಟ್ಟಳು. ಅಜ್ಜಿ ಮಂಗಳವಾರವೇ ತೀರಿಕೊಂಡಿದ್ದಳು. ನಿದ್ದೆಯಲ್ಲಿ ಹೋದಳಂತೆ.

ಆ ಪತ್ರವನ್ನು ನಾನು ಟೈಪ್ ಮಾಡಿದ್ದು ಅದರ ಹಿಂದಿನ ಶುಕ್ರವಾರದ ಕಾರಣಕ್ಕೆ. ಅಂದು ಕಳಸದ ಹತ್ತಿರದ ಹೋಮ್‌ಸ್ಟೇ ಒಂದರ ಕಾಂಟ್ರ್ಯಾಕ್ಟ್ ಮಾತಾಡಿ ಮೂಡಿಗೆರೆಗೆ ವಾಪಸಾಗುತ್ತಿದ್ದೆವು. ಜಲಜ ಓಡಿಸುತ್ತಿದ್ದಳು; ಮುಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಪಾಲಿಸಿಯ ಫೈಲು. ಡೈರಿಯ ತಿರುವಿನಲ್ಲಿ ದುಗ್ಗಜ್ಜಿ ರಸ್ತೆಗೆ ಮುಖ ಮಾಡಿ ನಿಂತಿದ್ದಳು. ಕೆಸುವಿನ ಕಾಲವಲ್ಲ, ಕೈಯಲ್ಲಿ ಗೆಣಸಿನ ಚೀಲವಿತ್ತು. ಜಲಜಳ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೆದ್ದಿತು. ಅವಳು ನನ್ನ ಕಡೆ ನೋಡಿದಳು. ನಿಲ್ಲಿಸು ಎನ್ನಲು ಒಂದೇ ಪದ ಸಾಕಿತ್ತು. ಎರಡು ಭಾಷೆಯಲ್ಲಿ ಪತ್ರ ಬರೆದು ಬದುಕಿದ ನನಗೆ ಆ ಒಂದು ಪದ ಯಾವ ಭಾಷೆಯಲ್ಲೂ ಹೊರಡಲಿಲ್ಲ. ನಾನು ಸ್ಟಿಕ್ಕರನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಅಜ್ಜಿಗೆ ನಮ್ಮ ವ್ಯಾನಿನ ಗುರುತು ಸಿಕ್ಕಿತು. ಅವಳು ಚೀಲ ಸಮೇತ ನಿಧಾನವಾಗಿ ಧರೆಯ ಕಡೆ ತಿರುಗಿ, ನಮಗೆ ಬೆನ್ನು ಮಾಡಿ ನಿಂತಳು.

ಜಲಜ ಆ ದಿನ ಬೆಳಿಗ್ಗೆಯೇ ವ್ಯಾನಿನ ಗಾಜುಗಳನ್ನು ಒರೆಸಿದ್ದಳು. ನಾವು ದಾಟಿಹೋಗುವಾಗ ಆ ಬೆನ್ನು, ಅದರ ಮೇಲಿನ ಮಾಸಿದ ರವಿಕೆ, ಹೊಲಿಗೆ ಬಿಟ್ಟ ಜಾಗ, ಎಲ್ಲವೂ ನಡುವೆ ಗಾಜೇ ಇಲ್ಲವೇನೋ ಎಂಬಷ್ಟು ಚೆನ್ನಾಗಿ ಕಾಣುತ್ತಿತ್ತು.